ಪೂಜೆ, ಜಪ, ಧ್ಯಾನ, ಭಜನೆ, ಸೇವೆ: ನಿಮ್ಮ ದಿನಕ್ಕೆ ಒಗ್ಗುವ ನೇಮ ಯಾವುದು?

ಮಗುವಿಗೆ ಜ್ವರ. ನಲ್ಲಿಯಲ್ಲಿ ನೀರು ಬಂದಿಲ್ಲ. ಆಫೀಸಿನಲ್ಲಿ ಮಾರ್ಚ್ ಕೊನೆಯ ಲೆಕ್ಕ ಇನ್ನೂ ಮುಗಿದಿಲ್ಲ. ಅಂಥ ದಿನವೂ ನಿಮ್ಮ ಕೈಲಿ ಆಗುವಂಥದ್ದು ಯಾವುದು? ಸಾಧನೆ ಆರಿಸಿಕೊಳ್ಳಬೇಕು ಅನ್ನುವವರಿಗೆ ನಾನು ಮೊದಲು ಕೇಳುವುದು ಇದನ್ನೇ. ರಜೆಯ ದಿನ, ಮನೆ ತಣ್ಣಗಿರುವಾಗ ಯಾವ ಸಾಧನೆಯಾದರೂ ಚೆನ್ನಾಗಿಯೇ ನಡೆಯುತ್ತದೆ. ನೇಮದ ಬೆಲೆ ಗೊತ್ತಾಗುವುದು ಕೆಟ್ಟ ದಿನದಲ್ಲಿ.

ನನ್ನ ತಂಗಿ ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ. ಇಬ್ಬರು ಮಕ್ಕಳು, ಜೊತೆಗೆ ವಯಸ್ಸಾದ ಮಾವ. ಕಳೆದ ಕಾರ್ತಿಕದಲ್ಲಿ ಫೋನ್ ಮಾಡಿ, "ಅಕ್ಕಾ, ನಾನೂ ಏನಾದ್ರೂ ಒಂದು ಹಿಡೀಬೇಕು ಕಣೇ. ತಲೆ ಯಾವಾಗ್ಲೂ ಗುಂಯ್ ಅಂತಿರುತ್ತೆ. ಯಾವುದು ಮಾಡ್ಲಿ?" ಅಂದಳು. ಆಫೀಸಿನಲ್ಲಿ ಒಬ್ಬರು ಧ್ಯಾನ ಮಾಡು ಅಂದಿದ್ದರಂತೆ, ಪಕ್ಕದ ಮನೆಯವರು ಸಹಸ್ರನಾಮ ಅಂದಿದ್ದರಂತೆ, ಇನ್ನೊಬ್ಬರು ಪ್ರಾಣಾಯಾಮ. ಎಲ್ಲರಿಗೂ ತಮ್ಮದೇ ಸರಿ.

ನಾನು ತುಮಕೂರಿನವಳು. 20 ವರ್ಷದಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದು ಕೆಲಸ ಮಾಡುತ್ತಿದ್ದೇನೆ. ಈ ವರ್ಷಗಳಲ್ಲಿ ಇವುಗಳಲ್ಲಿ ಹೆಚ್ಚಿನದನ್ನು ಹಿಡಿದು ನೋಡಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ, ಎರಡು ಉಳಿದಿವೆ. ತಂಗಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕೊರತೆ ಯಾವುದು ನೋಡಿ

ಜಪ ಮೇಲೋ ಧ್ಯಾನ ಮೇಲೋ ಅನ್ನುವ ಜಗಳಕ್ಕೆ ಹೋಗಬೇಡಿ. ಅದು ಮುಗಿಯುವುದೇ ಇಲ್ಲ. ಅದರ ಬದಲು, ನಿಮ್ಮ ದಿನದಲ್ಲಿ ಏನು ಕಮ್ಮಿಯಾಗಿದೆ ಅನ್ನುವುದನ್ನು ನೋಡಿ. ಕೆಲವರಿಗೆ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಕೆಲವರಿಗೆ ಸುತ್ತ ಜನ ಇದ್ದರೂ ಒಂಟಿತನ. ಕೆಲವರು ಬೇಗ ಸಿಡುಕುತ್ತಾರೆ, ಆಮೇಲೆ ಒಬ್ಬರೇ ಕೊರಗುತ್ತಾರೆ. ಇನ್ನು ಕೆಲವರಿಗೆ ಯಾವ ತೊಂದರೆಯೂ ಇಲ್ಲ, ಆದರೆ ಒಳಗೆಲ್ಲ ಖಾಲಿ ಖಾಲಿ. ಒಬ್ಬರಿಗೆ ಹಿಡಿಸಿದ ಮದ್ದು ಇನ್ನೊಬ್ಬರಿಗೆ ಹಿಡಿಸದಿರುವುದು ಇದಕ್ಕೇ.

ಆಮೇಲೆ ಮೂರು ದಿನ ಸುಮ್ನೆ ಗಮನಿಸಿ. ನಿಮ್ಮದು ಅಂತ ಇರುವ ಹೊತ್ತು ಎಷ್ಟು? ನನಗೆ ಲೆಕ್ಕ ಹಾಕಿದಾಗ ಸಿಕ್ಕಿದ್ದು ಮೂರು ತುಂಡು: ಹಾಲು ಉಕ್ಕುವ ಮುಂಚಿನ ಹತ್ತು ನಿಮಿಷ, ರೈಲಿನಲ್ಲಿ ಕೂರಲು ಜಾಗ ಸಿಕ್ಕರೆ ಒಂದು ಗಂಟೆಗಿಂತ ಜಾಸ್ತಿ, ಮಲಗುವ ಮುಂಚೆ ಕಾಲು ಗಂಟೆ. ನನ್ನ ನೇಮ ಈ ಮೂರರಲ್ಲಿ ಯಾವುದಾದರೂ ಒಂದರೊಳಗೆ ಕೂರಬೇಕಿತ್ತು. ಬೆಳಿಗ್ಗೆ ಒಂದೂವರೆ ಗಂಟೆ ಕೇಳುವ ಸಾಧನೆ ಎಷ್ಟೇ ದೊಡ್ಡದಿರಲಿ, ನನ್ನ ಮನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಕೈಗೆ ಕೆಲಸ ಕೊಡುವ ಪೂಜೆ

ದೇವರ ಮನೆಯ ಪೂಜೆಯ ದೊಡ್ಡ ಗುಣ, ಅದು ಕೈಗೆ ಕೆಲಸ ಕೊಡುತ್ತದೆ. ಹಳೆ ಹೂ ತೆಗೆಯುವುದು, ದೀಪದ ಕರಿ ಒರೆಸುವುದು, ಬತ್ತಿ ಹೊಸೆಯುವುದು, ಗಂಧ ತೇಯುವುದು. ಕಣ್ಣು ಮುಚ್ಚಿ ಕೂತರೆ ಓಡುವ ಮನಸ್ಸು ಕೈಯ ಹಿಂದೆ ಹೋಗಿ ತಾನಾಗಿ ನಿಲ್ಲುತ್ತದೆ. ಧ್ಯಾನಕ್ಕೆ ಕೂರಲಾಗದವರಿಗೆ ನಾನು ಪೂಜೆಯನ್ನೇ ಹೇಳುವುದು ಈ ಕಾರಣಕ್ಕೆ. 15 ನಿಮಿಷದಲ್ಲಿ ಮುಗಿಸಬಹುದು, ಬೇಕಿದ್ದರೆ ಒಂದು ಗಂಟೆಗೂ ಎಳೆಯಬಹುದು.

ಕಷ್ಟ ಎಲ್ಲಿ ಅಂದರೆ, ಪೂಜೆಗೆ ಮಡಿ ಬೇಕು, ಜಾಗ ಬೇಕು, ಹೂ ಬೇಕು. ಪ್ರಯಾಣದಲ್ಲಿ ನಿಂತುಹೋಗುತ್ತದೆ. ಇನ್ನೊಂದು ತೊಂದರೆಯನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಪೂಜೆ ಮಾಡುವವರು ಒಬ್ಬರು, ಅದಕ್ಕಾಗಿ ಒಲೆ ಮುಂದೆ ಓಡಾಡುವವರು ಇನ್ನೊಬ್ಬರು. ಒಬ್ಬರ ಶಾಂತಿಗೆ ಇನ್ನೊಬ್ಬರು ಬೆವರು ಸುರಿಸುವಂತಾದರೆ ಆ ಮನೆಯಲ್ಲಿ ಸಮತೋಲನ ಇಲ್ಲ. ನೈವೇದ್ಯ ಮಾಡುವವರೂ ಐದು ನಿಮಿಷ ದೀಪದ ಮುಂದೆ ಕೂರುವ ಹಾಗಾಗಲಿ.

ಸಂಧ್ಯಾವಂದನೆಯ ದಾರಿ ಸ್ವಲ್ಪ ಬೇರೆ. ಅಲ್ಲಿ ವಸ್ತು ಕಮ್ಮಿ, ಹೊತ್ತು ಮುಖ್ಯ. ಒಂದು ಪಂಚಪಾತ್ರೆ ಉದ್ಧರಣೆ, ನೀರು ಇದ್ದರೆ ಸಾಕು. ಆಚಮನ, ಪ್ರಾಣಾಯಾಮ, ಅರ್ಘ್ಯ, ಗಾಯತ್ರಿ. ಜಪ 108 ಆಗದಿದ್ದರೆ 28, ಅದೂ ಆಗದಿದ್ದರೆ 10 ಅಂತ ಹಿರಿಯರೇ ಬಾಗಿಲು ತೆರೆದಿಟ್ಟಿದ್ದಾರೆ. ಹೀಗೆ ಕೆಟ್ಟ ದಿನಕ್ಕೂ ಒಂದು ಅಳತೆ ಇಟ್ಟಿರುವ ನೇಮ ನನಗೆ ತುಂಬ ಇಷ್ಟ.

ಇಷ್ಟಲಿಂಗ ಪೂಜೆಯನ್ನು ನಾನು ಹತ್ತಿರದಿಂದ ನೋಡಿದ್ದು ಆಸ್ಪತ್ರೆಯಲ್ಲಿ. ಅಮ್ಮನ ಪಕ್ಕದ ಹಾಸಿಗೆಯಲ್ಲಿ ಗುಬ್ಬಿ ಕಡೆಯ ಒಬ್ಬ ಅಜ್ಜಿ ಇದ್ದರು. ನರ್ಸ್ ಸಲೈನ್ ಹಾಕಲು ಎಡಗೈ ಹಿಡಿದಾಗ, "ಈ ಕೈ ಬ್ಯಾಡ ಕಣವ್ವಾ, ಆ ಕೈಗೆ ಹಾಕು" ಅಂದರು. ಯಾಕೆ ಅಂತ ಮಾರನೆಯ ಬೆಳಿಗ್ಗೆ ಗೊತ್ತಾಯಿತು. ಮಗಳು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ದಿಂಬು ಎತ್ತರಿಸಿದಳು. ಅಜ್ಜಿ ಕೊರಳಿನ ಕರಡಿಗೆ ಬಿಚ್ಚಿಸಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಒಂದು ಚಮಚ ನೀರು, ಒಂದು ಚಿಟಿಕೆ ವಿಭೂತಿ. ಬಿಲ್ವಪತ್ರೆ ಇರಲಿಲ್ಲ. ಸೂಜಿ ಚುಚ್ಚಿದ ಬಲಗೈ ಸ್ವಲ್ಪ ನಡುಗುತ್ತಿತ್ತು. ಅಂಗೈ ಮಾತ್ರ ಅಲುಗಲಿಲ್ಲ. ವಾರ್ಡಿನಲ್ಲಿ ಟ್ರಾಲಿ ಓಡಾಡುತ್ತಿದೆ, ಯಾರೋ ಕೆಮ್ಮುತ್ತಿದ್ದಾರೆ, ಅಜ್ಜಿ ಕಣ್ಣು ರೆಪ್ಪೆ ಹೊಡೆಯದೆ ಲಿಂಗ ನೋಡುತ್ತಾ ಕೂತಿದ್ದಾರೆ. ಹತ್ತು ನಿಮಿಷ ಇರಬಹುದು.

ಗುಡಿಯನ್ನು ಮೈಮೇಲೆ ಕಟ್ಟಿಕೊಂಡು ಓಡಾಡುವ ದಾರಿಯನ್ನು 12ನೇ ಶತಮಾನದ ಶರಣರು ಮನೆಮನೆಗೆ ಹಬ್ಬಿಸಿದರು. ಹೆಣ್ಣು ಗಂಡು, ಬಡವ ಬಲ್ಲಿದ ಅನ್ನದೆ ಎಲ್ಲರೂ ಪೂಜಾರಿಯ ಕೈ ಕಾಯದೆ ತಾವೇ ಪೂಜೆ ಮಾಡಿಕೊಳ್ಳುವ ದಾರಿ ಅದು. ಆ ವಾರ್ಡಿನಲ್ಲಿ ನನಗೆ ಅದರ ಅರ್ಥ ಆಯಿತು. ನಿಮ್ಮ ಮನೆಯಲ್ಲಿ ಲಿಂಗಧಾರಣೆ ಆಗಿದ್ದು ಪೂಜೆ ನಿಂತುಹೋಗಿದ್ದರೆ, ಹೊಸದನ್ನು ಹುಡುಕುವ ಮುಂಚೆ ಅದನ್ನೇ ಮತ್ತೆ ಹಿಡಿದು ನೋಡಿ.

ಬೆರಳ ತುದಿಯ ಜಪ

ಖರ್ಚಿಲ್ಲ, ಜಾಗ ಬೇಡ, ಯಾರಿಗೂ ಗೊತ್ತಾಗುವುದೂ ಇಲ್ಲ. ರಾಮನಾಮವೋ, ಓಂ ನಮಃ ಶಿವಾಯವೋ, ನಿಮ್ಮ ಮನೆದೇವರ ಹೆಸರೋ, ಯಾವುದಾದರೂ ಸರಿ.

ನಮ್ಮಮ್ಮನ ಬಳಿ ಜಪಮಾಲೆ ಇರಲಿಲ್ಲ. ನಾಲ್ಕು ಬೆರಳಿಗೆ ಮೂರು ಮೂರು ಗೆಣ್ಣು, ಒಟ್ಟು 12. ಹೆಬ್ಬೆರಳಿನಿಂದ ಒಂದೊಂದೇ ಗೆಣ್ಣು ಮುಟ್ಟುತ್ತಾ ಒಂಬತ್ತು ಸುತ್ತು ಬಂದರೆ 108. ಎಡಗೈಯಲ್ಲಿ ಸುತ್ತಿನ ಲೆಕ್ಕ, ಬಲಗೈಯಲ್ಲಿ ನಾಮದ ಲೆಕ್ಕ. ಬಸ್ಸಿಗೆ ಕಾಯುವಾಗ, ರೇಷನ್ ಅಂಗಡಿಯ ಸಾಲಿನಲ್ಲಿ, ಸೆರಗಿನ ಮರೆಯಲ್ಲಿ ಅವರ ಬೆರಳು ಓಡುತ್ತಲೇ ಇರುತ್ತಿತ್ತು. ಮಾಲೆ ಬೇಕು ಅನ್ನುವವರಿಗೆ ತುಳಸಿಯದು, ರುದ್ರಾಕ್ಷಿಯದು ಸಿಗುತ್ತದೆ. 108 ಮಣಿ, ಮೇಲೊಂದು ಮೇರುಮಣಿ. ಮೇರುವನ್ನು ದಾಟಬಾರದು, ಅಲ್ಲಿಂದ ತಿರುಗಿಸಿಕೊಂಡು ಮತ್ತೆ ಶುರು ಮಾಡಬೇಕು. ಕ್ರೈಸ್ತ ಗೆಳತಿಯರ ಜಪಸರದಲ್ಲೂ ಬೆರಳು ಮಾಡುವ ಕೆಲಸ ಇದೇ.

ಪೂಜೆಗೂ ಜಪಕ್ಕೂ ನಡುವೆ ತೂಗುತ್ತಿದ್ದರೆ: ಮನೆಯಲ್ಲೇ ಇರುವವರಿಗೆ, ಕೈಯಾಡಿಸಿ ಅಭ್ಯಾಸ ಇರುವವರಿಗೆ ಪೂಜೆ. ಓಡಾಟದ ಕೆಲಸದವರಿಗೆ, ಪಾಳಿ ಬದಲಾಗುವವರಿಗೆ, ಹಾಸ್ಟೆಲ್ ಪಿಜಿಯಲ್ಲಿ ಇರುವ ಮಕ್ಕಳಿಗೆ ಜಪ. ಪರದೇಶದಲ್ಲಿ ಊದುಬತ್ತಿ ಹಚ್ಚಿದರೆ ಹೊಗೆಯ ಅಲಾರಾಂ ಕೂಗುವ ಮನೆಯಲ್ಲಿ ಇರುವವರಿಗೂ ಜಪವೇ ಸುಲಭ.

ಜಪದ ಅಪಾಯ ಒಂದೇ, ಅದು ಬೇಗ ಯಾಂತ್ರಿಕ ಆಗುತ್ತದೆ. ಬಾಯಿ ನಾಮ ಹೇಳುತ್ತಿರುತ್ತದೆ, ತಲೆ ನಾದಿನಿಯ ಮಾತಿಗೆ ಉತ್ತರ ಹೊಂದಿಸುತ್ತಿರುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯ, ದಿನಕ್ಕೆ ಒಂದು ಸುತ್ತನ್ನಾದರೂ ಪಿಸುಮಾತಿನಲ್ಲಿ, ಕಿವಿಗೆ ಕೇಳುವಷ್ಟು ಹೇಳುವುದು. ಕಿವಿ ಕೇಳಿಸಿಕೊಂಡರೆ ಮನಸ್ಸು ಅರ್ಧ ದಾರಿ ಬಂದ ಹಾಗೆ.

ಗಡಿಯಾರಕ್ಕೆ ಕಟ್ಟಿದ ಪ್ರಾರ್ಥನೆ

ಸ್ಟೇಷನ್ ಹತ್ತಿರದ ದರ್ಜಿ ಅಂಗಡಿಯವರು ಮಧ್ಯಾಹ್ನದ ನಮಾಜಿಗೆ ಶಟರ್ ಅರ್ಧ ಇಳಿಸುತ್ತಾರೆ. ಹೊರಗೆ ಗಿರಾಕಿ ಕಾಯುತ್ತಿದ್ದರೂ ಇಳಿಸುತ್ತಾರೆ. ದಿನಕ್ಕೆ ಐದು ಸಲ ಕೆಲಸದ ನಡುವೆಯೇ ಎದ್ದು ನಿಲ್ಲುವ ಆ ನೇಮ ನೋಡಿ ನನಗೆ ಒಂದು ಮಾತು ಹೊಳೆಯಿತು. ನಾವು "ಟೈಮ್ ಸಿಕ್ಕಾಗ ಮಾಡ್ತೀನಿ" ಅಂತೀವಿ, ಅವರು ಟೈಮ್ ಸಿಗಲಿ ಅಂತ ಕಾಯುವುದಿಲ್ಲ. ಜೈನರ ಸಾಮಾಯಿಕವೂ ಹೀಗೇ ಅಳತೆಗೆ ಕಟ್ಟಿದ್ದು. ಒಂದು ಮುಹೂರ್ತ, ಅಂದರೆ 48 ನಿಮಿಷ. ಆ ಹೊತ್ತಿನಲ್ಲಿ ಸಿಟ್ಟಿಲ್ಲ, ವ್ಯವಹಾರ ಇಲ್ಲ, ಸಮಭಾವದಲ್ಲಿ ಕೂರುವುದು. ಶಿಸ್ತು ತಾನಾಗಿ ಬರದವರಿಗೆ ಇಂಥ ನೇಮ ಒಳ್ಳೆಯದು. ಆಯ್ಕೆ ಜಾಸ್ತಿ ಇದ್ದಷ್ಟೂ ಮನಸ್ಸು ನೆಪ ಹುಡುಕುತ್ತದೆ.

ಹತ್ತು ದಿನ ಮಾತಿಲ್ಲದೆ

ಧ್ಯಾನ ಅಂದರೆ ಈಗ ಹಲವರು ಮೊದಲು ಕೇಳುವುದು ವಿಪಸ್ಸನ ಶಿಬಿರದ ಬಗ್ಗೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬರ್ಮಾದಲ್ಲಿ ಹುಟ್ಟಿ, ಅಲ್ಲಿ ಸಯಾಜಿ ಊ ಬಾ ಖಿನ್ ಅವರಿಂದ ಕಲಿತ ಎಸ್. ಎನ್. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು. ಮಹಾರಾಷ್ಟ್ರದ ಇಗತ್‌ಪುರಿಯದು ಇದರ ದೊಡ್ಡ ಕೇಂದ್ರ. ನಮ್ಮ ಕಡೆ ಬೆಂಗಳೂರಿನ ಹೊರಗೆ, ತುಮಕೂರು ರಸ್ತೆಯ ಆಲೂರಿನ ಹತ್ತಿರ ಧಮ್ಮ ಪಫುಲ್ಲ ಇದೆ.

ಶಿಬಿರಕ್ಕೆ ಶುಲ್ಕ ಇಲ್ಲ. ಊಟ, ವಸತಿ ಎಲ್ಲ ಹಿಂದೆ ಶಿಬಿರ ಮುಗಿಸಿದವರ ದಾನದಿಂದ ನಡೆಯುತ್ತದೆ. ಮುಗಿಸದವರಿಂದ ದಾನ ತೆಗೆದುಕೊಳ್ಳುವುದೂ ಇಲ್ಲ. ಆದರೆ ರಜೆ ಬೇಕು. ಹೆಸರಿಗೆ 10 ದಿನ, ಹೋಗುವ ದಿನ ಬರುವ ದಿನ ಸೇರಿ 12. ಫೋನ್ ಒಪ್ಪಿಸಬೇಕು. ಬೆಳಿಗ್ಗೆ 4ಕ್ಕೆ ಗಂಟೆ, ದಿನಕ್ಕೆ ಸುಮಾರು 10 ಗಂಟೆ ಕೂರುವುದು. ಹೊಸಬರಿಗೆ ಸಂಜೆ 5ಕ್ಕೆ ಚಹಾ, ಹಣ್ಣು. ರಾತ್ರಿ ಊಟ ಇಲ್ಲ. ಮಾತು, ಸನ್ನೆ, ಓದು, ಬರಹ ಯಾವುದೂ ಇಲ್ಲ. ಮೊದಲ ಮೂರು ದಿನ ಉಸಿರನ್ನು ಗಮನಿಸುವ ಆನಾಪಾನ, ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳನ್ನು ಗಮನಿಸುವ ವಿಪಸ್ಸನ. ನಿತ್ಯದ ಜಪ, ಪೂಜೆ, ಮಂತ್ರ, ದೀಪ ಎಲ್ಲವನ್ನೂ ಆ ದಿನಗಳಲ್ಲಿ ಬದಿಗಿಡಲು ಹೇಳುತ್ತಾರೆ. ಒಂದು ದಿನವೂ ಪೂಜೆ ತಪ್ಪಿಸಲಾರೆ ಅನ್ನುವವರು ಇದನ್ನು ಮೊದಲೇ ಯೋಚಿಸಿ ಹೋಗಬೇಕು. ಅಲ್ಲಿಗೆ ಹೋಗಿ ಒದ್ದಾಡುವುದು ಬೇಡ.

ನಾನು ಹೋದಾಗ ಎರಡನೆಯ ದಿನ ನನ್ನ ತಲೆಯಲ್ಲಿ ಓಡಿದ್ದು 18 ವರ್ಷದ ಹಿಂದಿನ ಒಂದು ಜಗಳ. ಮರೆತೇಹೋಗಿದೆ ಅಂದುಕೊಂಡಿದ್ದೆ. ಯಾರು ಎಲ್ಲಿ ನಿಂತಿದ್ದರು, ಯಾವ ಸೀರೆ ಉಟ್ಟಿದ್ದರು, ಎಲ್ಲ ಕಣ್ಣ ಮುಂದೆ. ನಾಲ್ಕನೆಯ ದಿನದಿಂದ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಕೈ ಕಾಲು ಅಲ್ಲಾಡಿಸದೆ ಕೂರುವ ಅಧಿಷ್ಠಾನ. ಎಡ ಮಂಡಿಯಲ್ಲಿ ಬೆಂಕಿ ಇಟ್ಟ ಹಾಗೆ ನೋವು. ಏಳನೆಯ ದಿನ ಅದೇ ನೋವನ್ನು ನೋಡುತ್ತಾ ಕೂತಿದ್ದಾಗ, ಅದು ಒಂದೇ ಗಡ್ಡೆ ಅಲ್ಲ, ಮಿಡಿಯುತ್ತಾ ಬದಲಾಗುತ್ತಾ ಇರುವಂಥದ್ದು ಅನ್ನುವುದು ಕಂಡಿತು. ಅಷ್ಟೇ. ಬೆಳಕು ಗಿಳಕು ಏನೂ ಕಾಣಲಿಲ್ಲ. ಆದರೆ ಸಿಟ್ಟು ಬಂದಾಗ ಎದೆ ಬಿಸಿಯಾಗುವುದನ್ನು ಮಾತು ಹೊರಬರುವ ಮುಂಚೆಯೇ ಗುರುತಿಸಲು ನಾನು ಕಲಿತದ್ದು ಅಲ್ಲೇ. ಅದಕ್ಕೆ ಇಂದಿಗೂ ಋಣಿ.

ಮನೆಗೆ ಬಂದ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಲು ಹೇಳಿದ್ದರು. 19 ದಿನ ನಡೆಯಿತು. ಆಮೇಲೆ ಅಮ್ಮ ಆಸ್ಪತ್ರೆ ಸೇರಿದರು, ಎಲ್ಲ ನಿಂತಿತು. ನಿಂತದ್ದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು, ನಿಂತಿತಲ್ಲ ಅನ್ನುವ ಕೊರಗು. ಎಷ್ಟೋ ತಿಂಗಳಾದ ಮೇಲೆ 20 ನಿಮಿಷಕ್ಕೆ ಇಳಿಸಿ ಮತ್ತೆ ಹಿಡಿದೆ, ಈಗಲೂ ಇದೆ.

ಹಾಗಾಗಿ ಧ್ಯಾನ ಯಾರಿಗೆ? ಸಿಡುಕು ಜಾಸ್ತಿ ಇರುವವರಿಗೆ, ತಮ್ಮ ಮನಸ್ಸಿನ ಒಳಗೆ ಏನು ನಡೆಯುತ್ತಿದೆ ಅಂತ ನೋಡುವ ಧೈರ್ಯ ಇರುವವರಿಗೆ. ದೇವರು, ಆಚರಣೆ ಇವುಗಳಲ್ಲಿ ಮನಸ್ಸು ಕೂರದವರಿಗೂ ಇದು ತೆರೆದ ದಾರಿ. ಮೊದಲೇ ಶಿಬಿರಕ್ಕೆ ಓಡಬೇಕಿಲ್ಲ. ಮನೆಯಲ್ಲಿ ಹತ್ತು ನಿಮಿಷ ಮೂಗಿನ ತುದಿಯ ಉಸಿರು ನೋಡಿ ಅಭ್ಯಾಸ ಮಾಡಿ, ರುಚಿ ಹತ್ತಿದರೆ ಹೋಗಿ.

ಒಂದು ಎಚ್ಚರಿಕೆ. ಶಿಬಿರದ ಅರ್ಜಿಯಲ್ಲಿ ಮನಸ್ಸಿನ ಕಾಯಿಲೆ, ತೆಗೆದುಕೊಳ್ಳುತ್ತಿರುವ ಮಾತ್ರೆ ಎಲ್ಲ ಕೇಳುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ಅಷ್ಟು ದಿನದ ಮೌನ ಎಲ್ಲರ ಮನಸ್ಸಿಗೂ ತಡೆಯುವಂಥದ್ದಲ್ಲ. ಧ್ಯಾನಕ್ಕೆ ಹೊರಟೆ ಅಂತ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಆಸೆ ಇಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದು ಸಾಧನೆಯ ಕೊರತೆ ಅಲ್ಲ, ಕಾಯಿಲೆ ಇರಬಹುದು. ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಜಪ, ಧ್ಯಾನ ಆಮೇಲೂ ಇರುತ್ತವೆ.

ದನಿ ಸೇರಿಸುವ ಭಜನೆ

ಒಂಟಿತನಕ್ಕೆ ಧ್ಯಾನ ಹೇಳುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಮೊದಲೇ ಒಬ್ಬರೇ ಇದ್ದಾರೆ, ಮತ್ತೆ ಕಣ್ಣು ಮುಚ್ಚಿ ಒಬ್ಬರೇ ಕೂರಿ ಅನ್ನುವುದು ಹೇಗೆ? ಅವರಿಗೆ ಬೇಕಾದ್ದು ಭಜನೆ.

ನಮ್ಮ ಬೀದಿಯ ಭಜನಾ ಮಂಡಳಿಯಲ್ಲಿ 14 ಜನ ಹೆಂಗಸರು. ಶನಿವಾರ ಸಂಜೆ ಒಂದೊಂದು ವಾರ ಒಬ್ಬೊಬ್ಬರ ಮನೆ. ಒಂದು ಹಳೆ ಹಾರ್ಮೋನಿಯಂ, ಎರಡು ಜೊತೆ ತಾಳ. ಒಬ್ಬರು ಸಾಲು ಹೇಳುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಗೇ ಬರದಿದ್ದ ಒಬ್ಬರನ್ನು ಎದುರು ಮನೆಯವರು ಕೈ ಹಿಡಿದು ಕರೆತಂದರು. ಎರಡು ತಿಂಗಳು ಅವರು ಗೋಡೆಗೆ ಒರಗಿ ಸುಮ್ನೆ ಕೂತಿರುತ್ತಿದ್ದರು. ಯಾರೂ ಹಾಡಿ ಅನ್ನಲಿಲ್ಲ. ಒಂದು ಶನಿವಾರ ಪಲ್ಲವಿ ತಿರುಗಿ ಬಂದಾಗ ಅವರ ತುಟಿ ಅಲ್ಲಾಡಿತು. ಮುಂದಿನ ವಾರ ಅವರ ಕೈಯಲ್ಲೂ ತಾಳ ಇತ್ತು.

ಭಜನೆಗೆ ಸ್ವರಜ್ಞಾನ ಬೇಡ. ಗುಂಪಿನ ದನಿ ನಿಮ್ಮ ದನಿಯನ್ನು ಎತ್ತಿ ಹಿಡಿಯುತ್ತದೆ. ಕರಾವಳಿಯಲ್ಲಿ ಊರೂರಿಗೂ ಭಜನಾ ಮಂದಿರ ಇದೆ, ಸಪ್ತಾಹ ಅಂದರೆ ಏಳು ದಿನ ಬಿಡದೆ ನಡೆಯುತ್ತದೆ. ಉತ್ತರ ಕರ್ನಾಟಕದಲ್ಲಿ ಏಕತಾರಿ, ದಮ್ಮಡಿ ಹಿಡಿದು ರಾತ್ರಿಯೆಲ್ಲ ತತ್ವಪದ ಹಾಡುವ ಮೇಳಗಳಿವೆ. ಅಂಥ ಕಡೆ ಸುಮ್ನೆ ಒಂದು ಮೂಲೆಯಲ್ಲಿ ಕೂತು ಬಂದರೂ ಆದೀತು. ಬೆಂಗಳೂರಿನಲ್ಲಿ ಗುಂಪು ಸಿಗದವರು ಬಸವನಗುಡಿಯ ರಾಮಕೃಷ್ಣ ಮಠದ ಸಂಜೆಯ ಆರತಿಗೆ ಹೋಗಿ ನೋಡಿ. 1904ರಿಂದ ಇರುವ ಮಠ ಅದು. ಯಾರೂ ನೀವು ಯಾರು ಅಂತ ಕೇಳುವುದಿಲ್ಲ.

ಭಜನೆಯ ಕೊರತೆ ಏನಪ್ಪಾ ಅಂದರೆ ಅದು ನಿತ್ಯದ್ದಲ್ಲ, ವಾರಕ್ಕೊಮ್ಮೆ. ಗುಂಪು ಅಂದ ಮೇಲೆ ಮಾತು ಬರುತ್ತದೆ, ಸೀರೆ ಬರುತ್ತದೆ, ಯಾರ ಮನೆಯ ಪ್ರಸಾದ ದೊಡ್ಡದು ಅನ್ನುವುದೂ ಬರುತ್ತದೆ. ನಮ್ಮ ಮಂಡಳಿಯಲ್ಲಿ ಪ್ರಸಾದಕ್ಕೆ ಕೋಸಂಬರಿ ಅಥವಾ ಹಣ್ಣು, ಅಷ್ಟೇ ಅಂತ ಕಟ್ಟು ಮಾಡಿಕೊಂಡೆವು. ಅದರಿಂದ ಬಡ ಮನೆಯವರೂ ನಿಶ್ಚಿಂತೆಯಿಂದ ಕರೆಯುವಂತಾಯಿತು.

ಆಸನ, ಓದು

ಇಡೀ ದಿನ ಕುರ್ಚಿಯಲ್ಲಿ ಕೂರುವವರು ಮತ್ತೆ ಕೂರುವ ಸಾಧನೆ ಹಿಡಿಯುವ ಮುಂಚೆ ಮೈ ಸಡಿಲ ಮಾಡಿಕೊಳ್ಳಬೇಕು. ಆರೇಳು ಸೂರ್ಯನಮಸ್ಕಾರ, ಆಮೇಲೆ ಐದು ನಿಮಿಷ ದುಂಬಿಯ ಹಾಗೆ ಗುಂಯ್ ಅನ್ನುತ್ತಾ ಉಸಿರು ಬಿಡುವ ಭ್ರಾಮರಿ, ಇಷ್ಟಾದರೆ ಮನಸ್ಸೂ ಹದಕ್ಕೆ ಬರುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಕಲಿಸಿದ ಯೋಗವೇ ಇವತ್ತು ದೇಶ ದೇಶಗಳಲ್ಲಿ ಹಬ್ಬಿದೆ. ನಮ್ಮ ಊರುಗಳಲ್ಲಿ ಒಳ್ಳೆಯ ಗುರುಗಳಿಗೆ ಕೊರತೆ ಇಲ್ಲ, ವಿಡಿಯೊ ನೋಡಿ ಕಲಿಯುವ ಬದಲು ಒಂದು ತಿಂಗಳಾದರೂ ಎದುರು ಕೂತು ಕಲಿಯಿರಿ. ಬಿಪಿ ಇರುವವರು, ಬಸುರಿಯರು, ಹೊಟ್ಟೆಯ ಆಪರೇಷನ್ ಆದವರು, ಹೊಟ್ಟೆ ಒಳಗೆಳೆದು ಉಸಿರನ್ನು ಜೋರಾಗಿ ಹೊರದಬ್ಬುವ ಕಪಾಲಭಾತಿಗೆ ಕೈ ಹಾಕಬೇಡಿ.

ಓದು ನಿಧಾನದ ದಾರಿ. ದಿನಕ್ಕೊಂದು ವಚನ, ಇಲ್ಲ ಕಗ್ಗದ ಒಂದು ಪದ್ಯ. ಕಗ್ಗದಲ್ಲಿ 945 ಪದ್ಯಗಳಿವೆ, ದಿನಕ್ಕೊಂದರಂತೆ ಎರಡೂವರೆ ವರ್ಷಕ್ಕೂ ಜಾಸ್ತಿ ಆಗುತ್ತದೆ. ಗೀತೆಯ 700 ಶ್ಲೋಕ ದಿನಕ್ಕೆ ಎರಡರಂತೆ ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಓದಲು ಕಣ್ಣು ಸಾಲದವರಿಗೆ ಪ್ರವಚನ ಇದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿಯಲ್ಲಿ ನಮ್ಮನ್ನು ಅಗಲಿದರೂ ಅವರ ದನಿ ಫೋನಿನಲ್ಲಿ ಉಳಿದಿದೆ. ಜೇಬಿಲ್ಲದ ಬಿಳಿ ಅಂಗಿ ತೊಟ್ಟು, ದನಿ ಎತ್ತರಿಸದೆ ಅವರು ಮಾತಾಡುವುದನ್ನು ಕೇಳುತ್ತಾ ಎಷ್ಟೋ ಬೆಳಿಗ್ಗೆ ನಾನು ತರಕಾರಿ ಹೆಚ್ಚಿದ್ದೇನೆ. ಆದರೆ ದಿನಕ್ಕೆ ನಾಲ್ಕು ಪ್ರವಚನ ಕೇಳಿ ಒಂದನ್ನೂ ಅರಗಿಸಿಕೊಳ್ಳದಿದ್ದರೆ ಅದೂ ಟಿವಿ ನೋಡಿದ ಹಾಗೆಯೇ ಆಗುತ್ತದೆ.

ಕೂರಲು ಆಗದವರಿಗೆ ದಾಸೋಹ

ಜಪ, ಧ್ಯಾನ ಯಾವುದಕ್ಕೂ ಕೂರಲಾಗದವರು ಇದ್ದಾರೆ. ಕೂತರೆ ಕಾಲು ತುರಿಸುತ್ತದೆ, ಎದ್ದು ಏನಾದರೂ ಮಾಡಬೇಕು ಅನಿಸುತ್ತದೆ. ಅವರು ಸಾಧನೆಗೆ ಲಾಯಕ್ಕಿಲ್ಲ ಅಂತ ಅಲ್ಲ. ಅವರ ದಾರಿ ಕೈಯಲ್ಲಿದೆ.

ನಮ್ಮೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಓದುತ್ತಾರೆ. 111 ವರ್ಷ ಬಾಳಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಅನ್ನ, ಅಕ್ಷರ, ಆಶ್ರಯ ಅನ್ನುವ ಮೂರು ದಾಸೋಹವನ್ನೇ ಬದುಕು ಮಾಡಿಕೊಂಡವರು. ಜಾತ್ರೆಯ ದಿನಗಳಲ್ಲಿ ನಾನು ಅಲ್ಲಿ ಬಡಿಸಲು ಹೋಗುತ್ತೇನೆ. ಸಾರಿನ ಬಕೆಟ್ ಹಿಡಿದು ಪಂಕ್ತಿಯ ಉದ್ದಕ್ಕೂ ಬಾಗಿ ಬಾಗಿ ನಡೆಯುವಾಗ ಎದುರು ಕೂತವರ ಮುಖ ಕಾಣುವುದಿಲ್ಲ, ತಟ್ಟೆ ಮಾತ್ರ ಕಾಣುತ್ತದೆ. ಯಾರು, ಯಾವ ಊರು, ಯಾವ ಜಾತಿ ಒಂದೂ ಗೊತ್ತಾಗುವುದಿಲ್ಲ. ನೂರು ತಟ್ಟೆ ದಾಟುವಷ್ಟರಲ್ಲಿ "ನಾನು" ಅನ್ನುವುದೂ ಸ್ವಲ್ಪ ಕರಗಿರುತ್ತದೆ.

ಸೇವೆ ಅಂದರೆ ಮಠಕ್ಕೇ ಹೋಗಬೇಕು ಅಂತಿಲ್ಲ. ಶರಣರು ಕಾಯಕ ಅಂದದ್ದು ದಿನದ ದುಡಿಮೆಯನ್ನೇ. ಆಯ್ದಕ್ಕಿ ಮಾರಯ್ಯ ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ. ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ಇಷ್ಟು ಆಸೆ ನಮಗೆ ಬೇಡ, ವಾಪಸು ಸುರಿದು ಬಾ ಅಂದಳು. ದುಡಿಮೆಯಲ್ಲಿ ಎಲ್ಲಿ ಸಾಕು ಅನ್ನಬೇಕು ಅನ್ನುವುದು ಆಕೆಗೆ ಗೊತ್ತಿತ್ತು. ಸಮತೋಲನ ಅನ್ನುವ ಪದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವವರಿಗೆ ನಾನು ಸೇವೆ ಹೇಳುವುದಿಲ್ಲ. ಅವರು ಹಗಲೂ ರಾತ್ರಿ ಅದನ್ನೇ ಮಾಡುತ್ತಿದ್ದಾರೆ. ಅವರಿಗೆ ಬೇಕಾದ್ದು ಯಾರಾದರೂ ಒಂದು ಗಂಟೆ ಬಂದು ಕೂತು, ಅವರನ್ನು ಭಜನೆಗೋ ದೇವಸ್ಥಾನಕ್ಕೋ ಕಳಿಸಿಕೊಡುವುದು. ನೀವು ಸೇವೆ ಹುಡುಕುತ್ತಿದ್ದರೆ, ಪಕ್ಕದ ಮನೆಯಲ್ಲೇ ಅಂಥವರು ಇರಬಹುದು ನೋಡಿ.

ಒಂದು ಮಂಡಲ ನಡೆಸಿ ನೋಡಿ

ನಮ್ಮಲ್ಲಿ ಔಷಧಿಗೂ ವ್ರತಕ್ಕೂ ಮಂಡಲ ಅನ್ನುವ ಲೆಕ್ಕ ಇದೆ, 48 ದಿನ. ಒಂದನ್ನು ಆರಿಸಿ ಅಷ್ಟು ದಿನ ನಡೆಸಿ. ಒಂದನ್ನೇ. ಮೂರು ಬಾವಿ ಅರ್ಧರ್ಧ ತೋಡಿದರೆ ಎಲ್ಲೂ ನೀರು ಸಿಗುವುದಿಲ್ಲ, ಅಲ್ವಾ? ಶುರುವಿನಲ್ಲೇ ಎರಡು ಅಳತೆ ಇಟ್ಟುಕೊಳ್ಳಿ. ಒಳ್ಳೆಯ ದಿನಕ್ಕೆ 20 ನಿಮಿಷ, ಕೆಟ್ಟ ದಿನಕ್ಕೆ ಮೂರು ನಿಮಿಷ. ಮೂರು ನಿಮಿಷ ಮಾಡಿದ ದಿನವನ್ನೂ ಪೂರ್ತಿ ಮಾಡಿದ ದಿನ ಅಂತಲೇ ಎಣಿಸಿ. ಒಂದು ದಿನ ತಪ್ಪಿದರೆ ಮಾರನೆಯ ದಿನ ಎರಡರಷ್ಟು ಮಾಡಲು ಹೋಗಬೇಡಿ, ಎಂದಿನಷ್ಟೇ ಮಾಡಿ.

48 ದಿನ ಆದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳುವ ಬದಲು ಮನೆಯವರನ್ನು ಕೇಳಿ. ನಾನು ರೇಗುವುದು ಕಮ್ಮಿಯಾಗಿದೆಯಾ? ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದೇನಾ? ಮಕ್ಕಳು ನಿಜ ಹೇಳುತ್ತಾರೆ. ಅವರು ಇಲ್ಲ ಅಂದರೆ ನೇಮ ಬದಲಿಸಿ, ಅದರಲ್ಲಿ ತಪ್ಪೇನಿಲ್ಲ.

ದುಡ್ಡಿನ ಬಗ್ಗೆಯೂ ಒಂದು ಮಾತು. ಒಮ್ಮೆ ನಾನು ಒಂದು ಕಡೆ ದುಡ್ಡು ಕಟ್ಟಿ ಧ್ಯಾನದ ತರಗತಿ ಸೇರಿದ್ದೆ. ಮೊದಲ ಹಂತ ಮುಗಿಯುವ ಮುಂಚೆಯೇ ಎರಡನೆಯದಕ್ಕೆ ಹೆಸರು ಬರೆಸಿ ಅಂತ ದಿನಾ ಫೋನ್. ಇಲ್ಲಿಗೇ ನಿಲ್ಲಿಸಿದರೆ ಮೊದಲು ಮಾಡಿದ್ದೂ ವ್ಯರ್ಥ ಅಂತ ಹೆದರಿಸಿದರು. ಎರಡು ವಾರ ನಿದ್ದೆ ಕೆಟ್ಟಿತು. ಕಲಿಸುವವರು ಗೌರವಧನ ತೆಗೆದುಕೊಳ್ಳುವುದು ಸರಿ, ಅವರಿಗೂ ಸಂಸಾರ ಇದೆ. ಆದರೆ ಹೆದರಿಸಿ ಮುಂದಿನ ಹಂತಕ್ಕೆ ಎಳೆಯುವ ಕಡೆಯಿಂದ ಎದ್ದು ಬನ್ನಿ. ಮನೆಯವರಿಂದ ದೂರ ಇರಿ ಅನ್ನುವ ಕಡೆಯಿಂದ ಇನ್ನೂ ಬೇಗ ಎದ್ದು ಬನ್ನಿ.

ತಂಗಿ ಮೊದಲು ಧ್ಯಾನ ಹಿಡಿದಳು. 11 ದಿನಕ್ಕೆ ಬಿಟ್ಟಳು. ಮಾವ ಕರೆಯುತ್ತಾರೆ, ಮಕ್ಕಳು ಬಾಗಿಲು ಬಡಿಯುತ್ತಾರೆ, ಪ್ರತಿ ಸಲ ಕಣ್ಣು ಬಿಟ್ಟಾಗಲೂ ಸಿಟ್ಟು ಬರುತ್ತಿತ್ತಂತೆ. ಆಮೇಲೆ ಜಪಕ್ಕೆ ಬಂದಳು. ಬ್ಯಾಂಕಿನಿಂದ ಬರುವ ಬಸ್ಸಿನಲ್ಲಿ ಬೆರಳೆಣಿಸಿ 108, ಅಮ್ಮ ಮಾಡುತ್ತಿದ್ದ ಹಾಗೆಯೇ. ಸೋಮವಾರ ಬಿಡುವಾದರೆ ಸಿದ್ಧಾರೂಢ ಮಠಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಾಳೆ. ಬಸ್ಸಿನಲ್ಲಿ ನಿಲ್ಲಲೂ ಜಾಗ ಇಲ್ಲದ ದಿನ ಉಳಿದ ಸುತ್ತನ್ನು ಮನೆಗೆ ಬಂದು ಜಗಲಿಯ ಮೇಲೆ ಮುಗಿಸುತ್ತಾಳೆ. ಮೊನ್ನೆ ಫೋನಿನಲ್ಲಿ ಹೇಳುತ್ತಿದ್ದಳು, ಚಿಕ್ಕವನು ಪುಸ್ತಕ ಹಿಡಿದು ಪಕ್ಕದಲ್ಲಿ ಬಂದು ಕೂರುತ್ತಾನಂತೆ. ಮಾತಾಡಿಸುವುದಿಲ್ಲವಂತೆ, ಅವಳ ಹೆಬ್ಬೆರಳನ್ನೇ ನೋಡುತ್ತಿರುತ್ತಾನಂತೆ. ಅದು ಕೊನೆಯ ಗೆಣ್ಣಿಗೆ ಬಂದು ನಿಂತ ಕೂಡಲೇ, "ಆಯ್ತಾ ಅಮ್ಮಾ? ಹೋಂವರ್ಕ್ ತೋರಿಸ್ಲಾ?" ಅಂತಾನಂತೆ.